ಏಳನೆಯ ಬಿಲ್ಲೆ

ದಡದ ಶೆಡ್ಡಿನಿಂದ
ಜನವರಿ ೮

ಅಕ್ಕಾ,

ಇಲ್ಲಿ ಎಲ್ಲ ಚೆನ್ನಾಗಿದೆ ಎಂದು ಬರೆದರೆ ನೀನು ನಂಬುವುದಿಲ್ಲ, ಚೆನ್ನಾಗಿಲ್ಲ ಎಂದು ಬರೆದರೆ ಊಟ ಬಿಡುತ್ತೀಯ. ಆ ಸಾಲನ್ನು ನಿನಗೆ ಬೇಕಾದ ಹಾಗೆ ತುಂಬಿಕೊ.

ದ್ವೀಪದ ಜೆಟ್ಟಿಯ ಕೆಲಸ ನನಗೇ ಆಯಿತು. ನನ್ನ ಹೆಸರಿನಲ್ಲಿ ಹಿಡಿದ ಮೊದಲ ಗುತ್ತಿಗೆ. ಇಷ್ಟು ವರ್ಷ ಇನ್ನೊಬ್ಬರ ಕೈಕೆಳಗೆ ಬೈಸಿಕೊಂಡದ್ದಕ್ಕೆ ಈಗ ನಾನೂ ನಾಲ್ಕು ಜನರನ್ನು ಬೈಯಬಹುದು. ದ್ವೀಪದಲ್ಲಿ ನಲವತ್ತು ಮನೆ, ಒಂದು ಶಾಲೆ. ದೋಣಿ ನಿಲ್ಲಲು ಜಾಗವಿಲ್ಲ. ಕಾಯಿಲೆಯವರನ್ನು ಕುರ್ಚಿಯಲ್ಲಿ ಕೂರಿಸಿ, ನಾಲ್ವರು ಹೊತ್ತು, ಸೊಂಟದ ಮಟ್ಟದ ನೀರಿನಲ್ಲಿ ನಡೆದು ದೋಣಿಗೆ ಏರಿಸುತ್ತಾರೆ.

ಆದರೆ ಇದು ಸಂರಕ್ಷಿತ ನೀರು. ಒಂದು ಕಲ್ಲು ಹಾಕಬೇಕಾದರೂ ನಿಮ್ಮ ಕಚೇರಿಯ ಅನುಮತಿ ಬೇಕು. ಫೋನಿನ ಕಂಬಕ್ಕೂ ನೀವು ಅನುಮತಿ ಕೊಟ್ಟಿಲ್ಲವಂತೆ, ಅದಕ್ಕೇ ಹೀಗೆ ಕಾಗದ ಬರೆಯುತ್ತಾ ಕೂತಿದ್ದೇನೆ. ಅಂಚೆ ದೋಣಿ ವಾರಕ್ಕೊಮ್ಮೆ, ಶನಿವಾರ. ಏಪ್ರಿಲ್ ಒಂದರಿಂದ ಮೀನು ಮೊಟ್ಟೆಯಿಡುವ ಕಾಲ, ಆಮೇಲೆ ಆರು ತಿಂಗಳು ಯಾರೂ ನೀರಿಗಿಳಿಯುವ ಹಾಗಿಲ್ಲ. ಅಷ್ಟರೊಳಗೆ ಕಂಬಗಳು ನಿಲ್ಲದಿದ್ದರೆ ಗುತ್ತಿಗೆ ರದ್ದು, ನನ್ನ ಹೆಸರು ಕಪ್ಪುಪಟ್ಟಿಗೆ.

ಹಗ್ಗ ಹಿಡಿಯಲು ಇಲ್ಲಿಯ ಒಬ್ಬ ಮುದುಕನನ್ನು ಇಟ್ಟುಕೊಂಡಿದ್ದೇನೆ. ಎಲ್ಲರೂ ಹಗ್ಗದಜ್ಜ ಎನ್ನುತ್ತಾರೆ. ಕಣ್ಣಿಗೆ ಪೂರ್ತಿ ಪೊರೆ ಬಂದಿದೆ, ಕೈ ಮಾತ್ರ ಉಡದ ಹಿಡಿತ. ಬಹಳ ಹಿಂದೆ ಇದೇ ಜಾಗದಲ್ಲಿ ಯಾರೋ ಜೆಟ್ಟಿ ಶುರುಮಾಡಿ ಅರ್ಧಕ್ಕೆ ಬಿಟ್ಟಿದ್ದರಂತೆ. ಅದರ ಮೋಟು ಕಂಬಗಳು ಇಳಿತದಲ್ಲಿ ಈಗಲೂ ಕಾಣುತ್ತವೆ. ಹಾಗಿದ್ದರೆ ನಿಮ್ಮ ದಾಖಲೆ ಕೋಣೆಯಲ್ಲಿ ಆ ಹಳೆಯ ಕಡತ ಇರಲೇಬೇಕಲ್ಲ? ಅದರ ಅರ್ಜಿಯನ್ನು ನಕಲು ಮಾಡಿ ಕಳಿಸು. ನಿಮ್ಮವರು ಒಮ್ಮೆ ಒಪ್ಪಿದ ಮಾತನ್ನು ಎರಡನೇ ಸಲ ಓದುವುದಿಲ್ಲ ಎಂದು ನೀನೇ ಹೇಳಿದ್ದೆ.

ನಿನ್ನ ತಮ್ಮ


ಕಚೇರಿಯಿಂದ
ಜನವರಿ ೧೫

ಚಿಕ್ಕವನೇ,

ನಿನ್ನ ಕಾಗದ ಬಂತು. ಗುತ್ತಿಗೆ ಸಿಕ್ಕಿದ್ದಕ್ಕೆ ಸಂತೋಷ. ಸಂತೋಷ ಎಂದು ಬರೆದಿದ್ದೇನೆ, ಅಷ್ಟು ಸಾಕು ಎಂದುಕೊ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಆ ಮೋಟು ಕಂಬಗಳ ಸಾಲಿನಲ್ಲೇ ಕಟ್ಟಬೇಕಾ? ದ್ವೀಪಕ್ಕೆ ಇನ್ನೊಂದು ಬದಿ ಇಲ್ಲವಾ? ಇಡೀ ನಾಡಿನಲ್ಲಿ ಎಷ್ಟೊಂದು ನೀರಿದೆ, ನಿನಗೆ ಇದೇ ನೀರು ಸಿಗಬೇಕಿತ್ತಾ?

ಇರಲಿ. ಹನ್ನೊಂದು ಕಡೆಯಿಂದ ಆಕ್ಷೇಪಣೆ ಇಲ್ಲ ಎಂಬ ಪತ್ರ ತರಬೇಕು. ಮೀನುಗಾರಿಕೆ, ಅರಣ್ಯ, ಬಂದರು, ಪಕ್ಷಿಧಾಮ, ಹೀಗೆ. ಪಕ್ಷಿಧಾಮದವರ ಬಳಿ ಮೊದಲು ಹೋಗು, ಅವರು ನಿಧಾನ. ದಡದಲ್ಲಿ ಮೂವತ್ತು ದಿನ ಪ್ರಕಟಣೆ ಅಂಟಿಸಿರಬೇಕು. ಗಾಳಿಗೆ ಹಾರಿದರೆ ಮತ್ತೆ ಒಂದನೇ ದಿನದಿಂದ ಎಣಿಸುತ್ತಾರೆ, ಅದಕ್ಕೆ ಮೊಳೆ ಹೊಡೆ. ಅರ್ಜಿಯಲ್ಲಿ ಒಂದು ಕಾಲಂ ಕೂಡ ಖಾಲಿ ಬಿಡಬೇಡ. ನಮ್ಮ ಕಚೇರಿಯಲ್ಲಿ ಸುಳ್ಳಿಗಾದರೂ ಕ್ಷಮೆಯಿದೆ, ಖಾಲಿ ಕಾಲಮಿಗೆ ಇಲ್ಲ.

ನೀನು ಕೇಳಿದ ಹಳೆಯ ಅರ್ಜಿಯನ್ನು ನನ್ನ ಕೈಯಲ್ಲೇ ನಕಲು ಮಾಡಿ ಇದರೊಳಗೆ ಇಟ್ಟಿದ್ದೇನೆ. ಅರ್ಜಿದಾರನ ಹೆಸರು ಬೇಕಾಗಿಲ್ಲವೆಂದು ಬಿಟ್ಟಿದ್ದೇನೆ. ಹಾಗೆಯೇ ಇಳಿಸಿಕೊ.

ನಿನ್ನ ಕಡತ ನನ್ನ ಮೇಜಿಗೇ ಬರುತ್ತದೆ. ಅಕ್ಕ ಇದ್ದಾಳೆಂದು ಅಲ್ಲಿ ಯಾರ ಮುಂದೆಯೂ ಹೇಳಬೇಡ. ಹಗ್ಗದಜ್ಜನ ಮುಂದಂತೂ ಮನೆಯ ವಿಷಯ ಎತ್ತಲೇಬೇಡ.

ಅಕ್ಕ


ದಡದ ಶೆಡ್ಡಿನಿಂದ
ಜನವರಿ ೩೦

ಅಕ್ಕಾ,

ಇಪ್ಪತ್ತೆಂಟು ತುಂಬಿತು, ಇನ್ನೂ ಚಿಕ್ಕವನೇ ಅಂತೀಯಲ್ಲ. ಗುತ್ತಿಗೆದಾರರೇ ಎಂದು ಶುರುಮಾಡಿದರೆ ನಿನ್ನ ಪೆನ್ನಿನ ಗಂಟೇನು ಹೋಗುತ್ತದೆ?

ಹನ್ನೊಂದರಲ್ಲಿ ಒಂಬತ್ತು ಪತ್ರ ಕೈಗೆ ಬಂದಿವೆ. ಪಕ್ಷಿಧಾಮದವರು ನಿಧಾನ ಅಂದೆಯಲ್ಲ, ಅವರೇ ಮೊದಲು ಕೊಟ್ಟರು. ಪ್ರಕಟಣೆಯನ್ನು ಶೆಡ್ಡಿನ ಬಾಗಿಲಿಗೆ ಹನ್ನೆರಡು ಮೊಳೆ ಹೊಡೆದು ಕೂರಿಸಿದ್ದೇನೆ, ಇನ್ನು ಬಾಗಿಲೇ ಕಿತ್ತು ಬರಬೇಕು. ಅರ್ಜಿಯನ್ನು ನೀನು ಕಳಿಸಿದ ಹಾಗೇ ಅಕ್ಷರ ಅಕ್ಷರ ಇಳಿಸಿದ್ದೇನೆ. ಕಳಿಸಿದ ಮೇಲೆ ನೋಡುತ್ತೇನೆ, ನೀರಿಗಿಳಿಯುವವರ ಸಂಖ್ಯೆ ಏಳು ಎಂದು ಬಿದ್ದಿದೆ. ನನ್ನ ಬಳಿ ಇರುವ ಮುಳುಗುಗಾರರು ಆರೇ ಜನ. ಇರಲಿ, ಹೆಚ್ಚಿದ್ದರೆ ತೊಂದರೆಯೇನು? ಆ ಒಂದು ಪದಕ್ಕೆ ಕಡತ ವಾಪಸ್ ಬರಿಸಬೇಡ.

ಜಾಗ ಬದಲಿಸಲು ಆಗುವುದಿಲ್ಲ. ದೋಣಿ ಹಿಡಿಸುವಷ್ಟು ಆಳ ಇರುವುದು ಅಲ್ಲಿ ಮಾತ್ರ. ನಿನಗೆ ಆ ಮೋಟು ಕಂಬಗಳ ಮೇಲೆ ಯಾಕೆ ಕಣ್ಣು?

ಶೆಡ್ಡಿನ ಮೂಲೆಯಲ್ಲಿ ಆ ಕಾಲದ ಹಲಗೆಯೊಂದು ಸಿಕ್ಕಿತು. ಏಳು ಮೊಳೆ, ಆರು ಹಿತ್ತಾಳೆ ಬಿಲ್ಲೆ. ಮುಳುಗುಗಾರರ ಪದ್ಧತಿ ನಿನಗೆ ಗೊತ್ತಿರಲಿಕ್ಕಿಲ್ಲ. ಇಳಿಯುವವನು ತನ್ನ ನಂಬರಿನ ಬಿಲ್ಲೆ ತೆಗೆದು ಕೊರಳಿಗೆ ಹಾಕಿಕೊಂಡು ಹೋಗಬೇಕು, ಮೇಲೆ ಬಂದವನು ವಾಪಸ್ ಮೊಳೆಗೆ ಹಾಕಬೇಕು. ಸಂಜೆ ಮೊಳೆ ಖಾಲಿ ಕಂಡರೆ ಆ ನಂಬರಿನವನು ಇನ್ನೂ ಕೆಳಗಿದ್ದಾನೆ ಅಂತ. ಇಲ್ಲಿ ಏಳನೇ ಮೊಳೆ ಖಾಲಿ. ಹಗ್ಗದಜ್ಜನನ್ನು ಕೇಳಿದೆ. "ಒಂದು ಕೈ ಬಾಕಿ ಇದೆ ಸ್ವಾಮಿ" ಅಂದ, ಅಷ್ಟೇ. ಆಗಲೂ ಹಗ್ಗ ಹಿಡಿದವನು ಅವನೇ ಅಂತೆ.

ತಮಾಷೆ ಕೇಳು. ಮೊದಲ ದಿನ ನನ್ನ ಎಡಗೈ ಹಿಡಿದವನು ಬಿಡಲೇ ಇಲ್ಲ. ನನ್ನ ಸೊಟ್ಟ ಕಿರುಬೆರಳನ್ನು ಸವರಿ ಸವರಿ, "ಈ ಬೆರಳನ್ನ ಹಿಂದೆ ಎಲ್ಲೋ ಹಿಡಿದಿದ್ದೆ" ಎಂದ. "ಅಜ್ಜಾ, ಇದು ನನ್ನ ಜೊತೆಗೇ ಹುಟ್ಟಿದ್ದು, ಬೇರೆಯವರಿಗೆ ಸಾಲ ಕೊಟ್ಟಿಲ್ಲ" ಅಂದೆ. ಆರೂ ಜನ ನಕ್ಕರು, ಅಜ್ಜ ನಗಲಿಲ್ಲ.

ನಿನ್ನ ತಮ್ಮ


ಕಚೇರಿಯಿಂದ
ಫೆಬ್ರವರಿ ೧೦

ಚಿಕ್ಕವನೇ,

ನಿನ್ನ ಅರ್ಜಿಯಲ್ಲಿ ದೋಷವಿಲ್ಲ. ಆದರೆ ಅನುಮತಿ ಕೊಡಲು ಬರುವುದಿಲ್ಲ.

ಒಂದು ನೀರಿಗೆ ಒಂದೇ ಅನುಮತಿ ಜೀವಂತ ಇರಬೇಕು ಎಂಬುದು ನಿಯಮ. ಹಳೆಯ ಅನುಮತಿ ಇನ್ನೂ ಮುಗಿದಿಲ್ಲ. ಅದರ ಕೊನೆಯ ಹಾಳೆಯಲ್ಲಿ ಎರಡು ಕಾಲಂ ಇವೆ: ನೀರಿಗೆ ಇಳಿದವರು, ನೀರಿನಿಂದ ಬಂದವರು. ಮೊದಲನೆಯದರಲ್ಲಿ ಏಳು ಎಂದಿದೆ. ಎರಡನೆಯದು ಖಾಲಿ. ಅಂದಿನ ಅಧಿಕಾರಿ ಯಾಕೋ ತುಂಬಲಿಲ್ಲ, ಆಮೇಲೆ ಯಾರೂ ಮುಟ್ಟಲಿಲ್ಲ.

ಅದನ್ನು ಮುಗಿಸಲು ಬೇಕಾದ ಒಂದು ಪತ್ರ ಸಿಗುವಂಥದ್ದಲ್ಲ. ಆ ಕುಟುಂಬದವರು ಸಹಿ ಹಾಕಬೇಕು, ಅವರು ಹಾಕುವವರಲ್ಲ. ಈ ಕೆಲಸ ಬಿಟ್ಟುಬಿಡು. ಕಪ್ಪುಪಟ್ಟಿಗೆ ಹೋದರೆ ಹೋಗಲಿ, ಎರಡು ವರ್ಷದಲ್ಲಿ ನಾನೇ ಹೆಸರು ತೆಗೆಸಿಕೊಡುತ್ತೇನೆ. ಅಕ್ಕನ ಮಾತಿಗೆ ಇಷ್ಟು ಬೆಲೆ ಕೊಡು.

ಅಕ್ಕ


ದಡದ ಶೆಡ್ಡಿನಿಂದ
ಫೆಬ್ರವರಿ ೧೫

ಅಕ್ಕ,

ನಿಮ್ಮ ತಪಾಸಣಾಧಿಕಾರಿ ಮೊನ್ನೆ ಬಂದಿದ್ದರು. ಪಾಪ, ಒಳ್ಳೆಯ ಮನುಷ್ಯ. ಕಡತ ಹದಿನಾಲ್ಕು ದಿನದಿಂದ ಒಬ್ಬ ಮೇಡಂ ಮೇಜಿನ ಮೇಲೆ ಬಿದ್ದಿದೆ, "ಅವರು ಬರೀ ತೆಗೆದು ನೋಡ್ತಾರೆ, ಮುಚ್ಚಿಡ್ತಾರೆ" ಎಂದರು. ಆ ಮೇಡಂ ನೀನು.

ಆರು ಜನ ಕೆಲಸವಿಲ್ಲದೆ ಶೆಡ್ಡಿನಲ್ಲಿ ಇಸ್ಪೀಟು ಆಡುತ್ತಿದ್ದಾರೆ. ಕಂಬಗಳು ದಡದಲ್ಲಿ ಮಲಗಿವೆ. ನಿನ್ನೆ ಒಬ್ಬಳು ಬಸುರಿಯನ್ನು ಕುರ್ಚಿಯಲ್ಲಿ ಹೊತ್ತು ತಂದರು. ಅರ್ಧ ದಾರಿಯಲ್ಲಿ ಒಬ್ಬನ ಕಾಲು ಜಾರಿತು. ಅವಳು ಬದುಕಿಕೊಂಡಳು. ಕಿರುಚಿದ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ. ನಿನಗೆ ಒಂದು ಖಾಲಿ ಕಾಲಂ ದೊಡ್ಡದು.

ನೀನು ಯಾವಾಗಲೂ ಹೀಗೆ. ನಾನು ಈಜು ಕಲಿಯುತ್ತೇನೆ ಎಂದಾಗ ಮೂರು ದಿನ ಮಾತು ಬಿಟ್ಟಿದ್ದೆ. ಈ ಕೆಲಸ ಹಿಡಿದಾಗಲೂ ಮುಖ ಊದಿಸಿಕೊಂಡೆ. ನಾನು ಕೈಕಾಲು ಊರಿ ನಿಲ್ಲುವುದು ನಿನಗೆ ಬೇಡ. ಅಪ್ಪ ಅನ್ನಿಸಿಕೊಂಡವನು ಐದು ತಿಂಗಳ ಕೂಸನ್ನು ಬಿಟ್ಟು ಹಡಗು ಹತ್ತಿ ಓಡಿಹೋದ. ಅವನಾದರೂ ಒಂದೇ ಸಲ ಕೈಬಿಟ್ಟ. ನೀನು ಹಿಡಿದುಕೊಂಡ ಹಾಗೆ ಮಾಡಿ ನಡುನೀರಿನಲ್ಲಿ ಬಿಡುತ್ತಿದ್ದೀಯ.

ಒಂದೇ ಒಂದು ಅಂಕಿ ತಾನೇ? ಬರೆದುಬಿಡು. ನೀರಿನಿಂದ ಎದ್ದು ಬಂದು ಯಾರು ಕೇಳುತ್ತಾರೆ?

ಇದಕ್ಕೂ ಇಲ್ಲ ಎಂದರೆ ಇನ್ನು ಮುಂದೆ ಕಾಗದ ಬರೆಯಬೇಡ.


ಕಚೇರಿಯಿಂದ
ಫೆಬ್ರವರಿ ೨೪

ಚಿಕ್ಕವನೇ,

ಅನುಮತಿ ಪತ್ರ ಇದರೊಳಗಿದೆ. ಕಾಲಂ ತುಂಬಿದ್ದಾಗಿದೆ.

ಷರತ್ತುಗಳನ್ನು ಓದು. ಪ್ರತಿದಿನ ಇಳಿದವರ ಸಂಖ್ಯೆ, ಬಂದವರ ಸಂಖ್ಯೆ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಪುಟಗಳಿಗೆ ನಂಬರು ಇದೆ, ಹರಿಯುವಂತಿಲ್ಲ, ಅಳಿಸುವಂತಿಲ್ಲ. ಎರಡೂ ಸಂಖ್ಯೆ ಒಂದೇ ಆಗಿರಬೇಕು, ಇಲ್ಲವಾದರೆ ಅನುಮತಿ ಆ ದಿನವೇ ರದ್ದು.

ಕಾಗದದಲ್ಲಿಲ್ಲದ ಷರತ್ತು ಒಂದಿದೆ, ಅದು ನನ್ನದು. ನೀನು ನೀರಿಗಿಳಿಯಬೇಡ. ದಡದಲ್ಲಿ ನಿಂತು ಎಷ್ಟು ಬೇಕಾದರೂ ಬೈ.

ನೀನು ಬರೆದದ್ದಕ್ಕೆ ನನಗೆ ಸಿಟ್ಟಿಲ್ಲ. ಊಟ ಸರಿಯಾಗಿ ಮಾಡು.

ಅಕ್ಕ


ದಡದ ಶೆಡ್ಡಿನಿಂದ
ಮಾರ್ಚ್ ೭

ಅಕ್ಕಾ,

ತಪ್ಪಾಯಿತು. ಹೋದ ಕಾಗದವನ್ನು ಹರಿದು ಒಲೆಗೆ ಹಾಕು. ನಿನ್ನಂಥ ಅಕ್ಕನಿಗೆ ಹಾಗೆ ಬರೆದ ಕೈಗೆ ಬರೆ ಹಾಕಬೇಕು. ಜೆಟ್ಟಿಯ ಮೊದಲ ದೋಣಿಗೆ ನೀನೇ ಕಾಲಿಡಬೇಕು, ಈಗಲೇ ರಜೆಗೆ ಬರೆದಿಡು.

ಎರಡನೇ ತಾರೀಖು ಶುರುಮಾಡಿದೆವು. ಕೆಲಸ ಹಾರುತ್ತಿದೆ. ನಾವು ಒಂದು ಅಡಿ ಇಳಿಸಿ ಬಿಟ್ಟ ಕಂಬ ಮರುದಿನ ನೋಡಿದರೆ ಮೂರಡಿ ಇಳಿದಿರುತ್ತದೆ. ಕೆಸರು ಮೆತ್ತಗಿದೆ ಅಂತ ಮುಳುಗುಗಾರರು ಹೇಳುತ್ತಾರೆ. ಆದರೆ ಕಂಬಕ್ಕೆ ಹಾಕಿದ ಹಗ್ಗದ ಗಂಟು ನಮ್ಮವರು ಹಾಕುವ ಗಂಟಲ್ಲ. ಹಳೆಯ ಕಾಲದ್ದು, ಎರಡು ಸುತ್ತು ಹೆಚ್ಚು.

ಇನ್ನೊಂದು ವಿಷಯ. ನಿನ್ನ ಅನುಮತಿ ಕೈಗೆ ಬರುವ ಮೊದಲೇ, ಫೆಬ್ರವರಿ ಇಪ್ಪತ್ತೊಂದರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಏಳನೇ ಮೊಳೆಯಲ್ಲಿ ಬಿಲ್ಲೆ ಇತ್ತು. ಹಸಿರು ಹಿಡಿದಿತ್ತು, ನೀರು ತೊಟ್ಟಿಕ್ಕುತ್ತಿತ್ತು. ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು, ಯಾವುದೋ ಮಗು ಕಚ್ಚಿದ ಹಾಗೆ. ಅಜ್ಜ ಎಲ್ಲಿಂದಲೋ ಹುಡುಕಿ ತಂದಿರಬೇಕು ಎಂದುಕೊಂಡು ಸುಮ್ಮನಾದೆ.

ಈಗ ಲೆಕ್ಕ ತಲೆನೋವಾಗಿದೆ. ಬೆಳಿಗ್ಗೆ ಮಂಜು ಎಷ್ಟೆಂದರೆ ಏಣಿಯ ತುದಿ ಕಾಣುವುದಿಲ್ಲ. ಅಜ್ಜ ಏಣಿಯ ಮೇಲೆ ಕೂತು ಬಂದವರ ಕೈಹಿಡಿದು ಎಳೆದು ಎಣಿಸುತ್ತಾನೆ. ಇಳಿಯುವುದು ಆರು, ಅವನು ಎಣಿಸುವುದು ಏಳು. ಐದು ದಿನದಿಂದ ಹೀಗೇ. "ಅಜ್ಜಾ, ಒಬ್ಬನ ಎರಡೂ ಕೈ ಹಿಡಿದಿರ್ತೀಯ" ಅಂದೆ. "ನಂಗೆ ಕಣ್ಣು ಹೋಗಿರ್ಬೋದು ಸ್ವಾಮಿ, ಕೈ ಹೋಗಿಲ್ಲ. ಏಳನೇದು ತಣ್ಣಗಿದೆ, ಎಡಗೈ" ಎಂದ. ದಾಖಲೆ ಪುಸ್ತಕವನ್ನು ಅವನು ಹೇಳಿದ ಹಾಗೆ ಬರೆಯುವವನು ನಮ್ಮ ಹಿರಿಯ ಮುಳುಗುಗಾರ. ಐದು ಪುಟದಲ್ಲೂ ಇಳಿದವರು ಆರು, ಬಂದವರು ಏಳು ಎಂದು ಬರೆದಿಟ್ಟಿದ್ದಾನೆ. ನಾನು ನೋಡಿದ್ದು ಇವತ್ತು.

ಶೆಡ್ಡಿನ ನೆಲದಲ್ಲಿ ಹೆಚ್ಚಿನ ಒಂದು ಜೊತೆ ಹೆಜ್ಜೆ ಇರುತ್ತದೆ, ಒದ್ದೆ. ಹಲಗೆಯ ತನಕ ಬರುತ್ತವೆ, ಅಲ್ಲಿಂದ ವಾಪಸ್ ನೀರಿಗೆ ಹೋಗುತ್ತವೆ. ಯಾರೋ ಊರಿನವರ ಚೇಷ್ಟೆ. ಸಿಕ್ಕಲಿ, ನೋಡಿಕೊಳ್ಳುತ್ತೇನೆ.

ನಿನ್ನ ತಮ್ಮ


ಮನೆಯಿಂದ
ಮಾರ್ಚ್ ೧೩

ಚಿಕ್ಕವನೇ,

ಈ ಕಾಗದ ಸಿಕ್ಕಿದ ಕೂಡಲೇ ಕೆಲಸ ನಿಲ್ಲಿಸು. ಕೂತು ಓದು. ಇದನ್ನು ನಾನು ಇಪ್ಪತ್ತೆಂಟು ವರ್ಷದ ಹಿಂದೆಯೇ ಹೇಳಬೇಕಿತ್ತು, ಆಗ ನೀನು ತೊಟ್ಟಿಲಲ್ಲಿದ್ದೆ. ಆಮೇಲೆ ಹೇಳಲು ನನಗೆ ಧೈರ್ಯವಿರಲಿಲ್ಲ.

ಅಪ್ಪ ಹಡಗು ಹತ್ತಲಿಲ್ಲ. ಅಪ್ಪ ಮುಳುಗುಗಾರ, ಗುತ್ತಿಗೆದಾರನೂ ಅವನೇ. ನಾನು ನಿನಗೆ ನಕಲು ಮಾಡಿ ಕಳಿಸಿದ್ದು ಅವನ ಅರ್ಜಿ. ಆ ಮೋಟು ಕಂಬಗಳು ಅವನವು. ಕೊನೆಯ ಕಂಬವನ್ನು ಕೆಳಗೆ ಹಗ್ಗ ಕಟ್ಟಿ ಹಿಡಿದುಕೊಂಡಿದ್ದನಂತೆ. ಏಳು ಜನ ಇಳಿದರು, ಆರು ಜನ ಬಂದರು. ಹದಿನೆಂಟು ದಿನ ಹುಡುಕಿದರು, ಏನೂ ಸಿಗಲಿಲ್ಲ.

ಅಮ್ಮ ಒಪ್ಪಲಿಲ್ಲ. ಸತ್ತ ಎಂಬ ಕಾಗದಕ್ಕೆ ತನ್ನ ಕೊನೆಯುಸಿರಿನ ತನಕ ಸಹಿ ಹಾಕಲಿಲ್ಲ. ಹಡಗಿನ ಕೆಲಸಕ್ಕೆ ಹೋಗಿದ್ದಾನೆ, ಬರುತ್ತಾನೆ ಎಂದು ಕೇಳಿದವರಿಗೆಲ್ಲ ಹೇಳಿದಳು, ನನ್ನ ಕೈಯಲ್ಲೂ ಹೇಳಿಸಿದಳು. ಬರಬರುತ್ತಾ ಅದೇ ನಿಜವಾಯಿತು. ನೀನು ಅವನನ್ನು ಓಡಿಹೋದವನು ಎಂದು ಬೈಯುವಾಗಲೆಲ್ಲ ನಾನು ಬಾಯಿ ಮುಚ್ಚಿಕೊಂಡಿದ್ದೆ. ನೀನು ಬೈದರೂ ಪರವಾಗಿಲ್ಲ, ನೀರಿನ ಕಡೆ ಹೋಗದಿದ್ದರೆ ಸಾಕು ಎಂದುಕೊಂಡೆ. ನಾನು ಈ ಕಚೇರಿಗೇ ಸೇರಿದ್ದು ಆ ಕಡತ ಇಲ್ಲಿದೆ ಎಂಬ ಒಂದೇ ಕಾರಣಕ್ಕೆ.

ಅನುಮತಿಗೆ ಎರಡೇ ದಾರಿ ಇತ್ತು. ಮಕ್ಕಳಿಬ್ಬರ ಸಹಿಯೂ ಬೇಕಾದ್ದರಿಂದ ನಿನಗೆ ನಿಜ ಹೇಳಿ, ಅಪ್ಪ ಇಲ್ಲ ಎಂದು ನಿನ್ನ ಸಹಿ ತೆಗೆದುಕೊಳ್ಳಬೇಕು. ಇಲ್ಲವೇ ನಾನು ಕಾಲಂ ತುಂಬಬೇಕು. ಫೆಬ್ರವರಿ ಇಪ್ಪತ್ತರ ಸಂಜೆ ಐದಕ್ಕೆ, ದಾಖಲೆ ಕೋಣೆಗೆ ಬೀಗ ಹಾಕುವ ಮುಂಚೆ, ನೀರಿನಿಂದ ಬಂದವರು ಏಳು ಎಂದು ಬರೆದೆ. ಬರೆದು ಮುಗಿಸಿದಾಗ ಕಾಗದ ನನ್ನ ಬೆರಳಿನ ಕೆಳಗೆ ಒದ್ದೆಯಾಗಿತ್ತು. ಬೆವರು ಎಂದುಕೊಂಡೆ. ಮರುದಿನ ಬೆಳಿಗ್ಗೆ ನಿನ್ನ ಹಲಗೆಗೆ ಬಿಲ್ಲೆ ಬಂದಿದೆ.

ಆ ಬಿಲ್ಲೆಯ ಮೇಲಿನ ಹಲ್ಲಿನ ಗುರುತು ನನ್ನದು. ಹಲ್ಲು ಬರುವಾಗ ಅವನ ಕೊರಳಿನಲ್ಲಿದ್ದುದನ್ನು ಕಚ್ಚುತ್ತಿದ್ದೆನಂತೆ. ಸೊಟ್ಟ ಕಿರುಬೆರಳು ಅವನಿಗೂ ಇತ್ತು, ಎಡಗೈಯಲ್ಲೇ. ನೀನು ಕನ್ನಡಿ ನೋಡಿದರೆ ಅವನೇ.

ನನಗೆ ಲೆಕ್ಕ ಮಾತ್ರ ಗೊತ್ತು, ಬೇರೇನೂ ತಿಳಿಯದು. ಅವನು ಬಂದ ಎಂದು ಕಾಗದ ಹೇಳುತ್ತದೆ. ಆದ್ದರಿಂದ ದಿನವೂ ಬರುತ್ತಾನೆ. ಆದರೆ ಇವತ್ತಿನ ಪುಸ್ತಕದಲ್ಲಿ ಅವನು ಇಳಿದ ಎಂಬ ದಾಖಲೆ ಇಲ್ಲ, ಅದಕ್ಕೇ ಉಳಿಯಲಾರದೆ ವಾಪಸ್ ಹೋಗುತ್ತಾನೆ. ಏಳನೆಯವನಾಗಿ ಬೇರೆ ಯಾರಾದರೂ ಇಳಿದರೆ ಏನಾಗುತ್ತದೆ ಎಂದು ಯೋಚಿಸಲು ನನ್ನ ಕೈಲಾಗುತ್ತಿಲ್ಲ. ನಾಳಿದ್ದು ಮೇಲಧಿಕಾರಿಯ ಬಳಿ ಹೋಗಿ ನಾನು ಮಾಡಿದ್ದನ್ನೆಲ್ಲ ಹೇಳಿ ಅನುಮತಿ ರದ್ದು ಮಾಡಿಸುತ್ತೇನೆ. ನನ್ನ ಕೆಲಸ ಹೋದರೆ ಹೋಗಲಿ.

ಒಂದು ಮಾತು. ಅಪ್ಪ ನನ್ನನ್ನು ಒಂದು ಹೆಸರಿನಿಂದ ಕರೆಯುತ್ತಿದ್ದ. ಅಮ್ಮನಿಗೂ ಗೊತ್ತಿರಲಿಲ್ಲ, ನಮ್ಮಿಬ್ಬರದೇ ಗುಟ್ಟು. ಇಲ್ಲಿ ಬರೆಯುವುದಿಲ್ಲ. ಮಂಜಿನಲ್ಲಿ ಯಾರಾದರೂ ಮಾತಾಡಿಸಿದರೆ, ಅಕ್ಕನನ್ನು ಏನೆಂದು ಕರೀತಿದ್ರಿ ಅಂತ ಕೇಳು. ಸರಿಯಾಗಿ ಹೇಳಿದರೆ ಅಲ್ಲಿ ನಿಲ್ಲಬೇಡ, ಓಡಿ ಬಾ. ಅವನು ಕೆಟ್ಟವನೆಂದಲ್ಲ. ನನಗೆ ನೀನು ಬೇಕು.

ಅಕ್ಕ


ದಡದ ಶೆಡ್ಡಿನಿಂದ
ಮಾರ್ಚ್ ೧೪

ಅಕ್ಕಾ,

ನಾಳಿನ ದೋಣಿಯಲ್ಲಿ ನಿನ್ನ ಕಾಗದ ಬರಬಹುದು. ಅದಕ್ಕೆ ಕಾಯದೆ ಇದನ್ನು ಬರೆದಿಡುತ್ತಿದ್ದೇನೆ, ಬೆಳಿಗ್ಗೆ ಪುರುಸೊತ್ತಿರುವುದಿಲ್ಲ.

ನಿಮ್ಮ ತಪಾಸಣಾಧಿಕಾರಿ ನಾಳೆ ಮಧ್ಯಾಹ್ನ ಬರುತ್ತಾರಂತೆ. ಹನ್ನೆರಡು ಪುಟದಲ್ಲಿ ಆರು ಇಳಿದು ಏಳು ಬಂದಿದ್ದಾರೆ. ಈ ಪವಾಡವನ್ನು ಅವರಿಗೆ ಹೇಗೆ ವಿವರಿಸಲಿ? ಕಡಿಮೆ ಬಂದರೆ ಸತ್ತ ಎನ್ನಬಹುದು, ಹೆಚ್ಚು ಬಂದರೆ ಏನೆನ್ನುವುದು? ಹಳೆಯ ಪುಟಗಳ ತಪ್ಪನ್ನು ಅಜ್ಜನ ಕಣ್ಣಿನ ಮೇಲೆ ಹಾಕುತ್ತೇನೆ. ನಾಳಿನ ಪುಟವಾದರೂ ಸರಿಯಿರಬೇಕು.

ಉಪಾಯ ಹೊಳೆದಿದೆ. ಅನುಮತಿಯಲ್ಲಿ ಏಳು ಜನ ಎಂದೇ ಇದೆ. ನಾಳೆ ಬೆಳಿಗ್ಗೆ ನಾನೂ ಇಳಿಯುತ್ತೇನೆ. ಆರೂ ಒಂದೂ ಏಳು. ಅಜ್ಜನ ತಲೆಯಲ್ಲಿ ಏಳೇ ಕೂತಿದೆ, ಎಷ್ಟು ಜನ ಬಂದರೂ ಏಳೇ ಎನ್ನುತ್ತಾನೆ, ಪುಸ್ತಕದಲ್ಲಿ ಏಳಕ್ಕೆ ಏಳು. ನೀನು ಇಳಿಯಬೇಡ ಅಂದಿದ್ದೆ, ನೆನಪಿದೆ. ಒಂದೇ ಸಲ. ಕೊನೆಯ ಕಂಬದ ಬುಡ ಮುಟ್ಟಿ ಬರುವುದು, ಅಷ್ಟೇ. ಅಲ್ಲಿ ಯಾರು ನಮ್ಮ ಹಗ್ಗಕ್ಕೆ ಗಂಟು ಹಾಕುತ್ತಿದ್ದಾರೆ ಅಂತಲೂ ನೋಡಬೇಕು.

ಬಿಲ್ಲೆಯನ್ನು ಈಗಲೇ ಕೊರಳಿಗೆ ಹಾಕಿಕೊಂಡು ನೋಡಿದೆ. ತಣ್ಣಗಿತ್ತು, ಆಮೇಲೆ ಬೆಚ್ಚಗಾಯಿತು. ನಗಬೇಡ, ಚಿಕ್ಕಂದಿನಲ್ಲಿ ನೀನು ಎತ್ತಿಕೊಂಡು ತಿರುಗುತ್ತಿದ್ದೆಯಲ್ಲ, ಹಾಗನ್ನಿಸಿತು.

ನಿನ್ನ ಚಿಕ್ಕವನು


ಕಚೇರಿಯಿಂದ
ಮಾರ್ಚ್ ೧೯

ಚಿಕ್ಕವನೇ,

ಹದಿನಾಲ್ಕರ ನಿನ್ನ ಕಾಗದ ನಿನ್ನೆ ಬಂತು. ನನ್ನ ಕಾಗದ ನಿನಗೆ ತಲುಪಿತಾ ಇಲ್ಲವಾ?

ತಪಾಸಣಾ ವರದಿ ಇವತ್ತು ಬೆಳಿಗ್ಗೆ ನನ್ನ ಮೇಜಿಗೆ ಬಂದಿದೆ. ಮಾರ್ಚ್ ಹದಿನೈದು, ಇಳಿದವರು ಏಳು, ಬಂದವರು ಏಳು, ಲೆಕ್ಕ ಸರಿಯಿದೆ, ಗುತ್ತಿಗೆದಾರರು ಖುದ್ದು ಹಾಜರಿದ್ದರು ಎಂದಿದೆ. ಅದನ್ನು ಓದಿ ಎಲ್ಲರೆದುರಿಗೆ ಅತ್ತುಬಿಟ್ಟೆ. ಪಕ್ಕದ ಮೇಜಿನವಳು ನೀರು ತಂದುಕೊಟ್ಟಳು. ನೀನು ಹಾಜರಿದ್ದೆ. ಅಷ್ಟು ಸಾಕು.

ಮೇಲಧಿಕಾರಿ ರಜೆ ಮುಗಿಸಿ ಇವತ್ತೇ ಬಂದರು. ಆದರೆ ನೀನು ಬದುಕಿರುವಾಗ ನಿನ್ನ ಕೆಲಸಕ್ಕೆ ನಾನೇ ಯಾಕೆ ಕಲ್ಲು ಹಾಕಲಿ ಎನ್ನಿಸಿ, ಅವರಿಗೆ ಬರೆದಿದ್ದ ಪತ್ರವನ್ನು ಕೊಡದೆ ಇಟ್ಟುಕೊಂಡಿದ್ದೇನೆ.

ಒಂದೇ ಕಸಿವಿಸಿ. ಗುತ್ತಿಗೆದಾರರ ಸಹಿಯ ಜಾಗದಲ್ಲಿ ನಿನ್ನ ಸಹಿ ಇಲ್ಲ, ಬಿಲ್ಲೆ ನಂಬರು ಏಳು ಎಂದು ಮಾತ್ರ ಇದೆ. ತಪಾಸಣಾಧಿಕಾರಿಯನ್ನು ಕೇಳಿದೆ. "ಅವರೇ ಬರೆದದ್ದು ಮೇಡಂ. ಮೊದಲ ಸಲ ನೋಡಿದ್ದಕ್ಕಿಂತ ಸ್ವಲ್ಪ ಮೌನ. ನೀರಿನ ಚಳಿ ಹಿಡಿದಿರ್ಬೇಕು" ಎಂದರು.

ಎರಡು ಸಾಲು ಬರೆ. ಬೈದಾದರೂ ಬರೆ.

ಅಕ್ಕ


ದಡದ ಶೆಡ್ಡಿನಿಂದ
ಮಾರ್ಚ್ ೨೧

ಮಸಿಬೆರಳೇ,

ಹೇಗಿದ್ದೀಯ ಮಗಳೇ? ಶೆಡ್ಡಿನಲ್ಲಿ ಒಂದು ಕಾಗದ ಒಡೆಯದೆ ಬಿದ್ದಿತ್ತು. ಬೇರೆ ಯಾರದೋ ಹೆಸರಿಗಿತ್ತು, ಅದಕ್ಕೆ ಒಡೆಯಲಿಲ್ಲ. ಹಿಂಬದಿಯಲ್ಲಿ ನಮ್ಮ ಮನೆಯ ವಿಳಾಸ ನೋಡಿ ನೀನೇ ಎಂದು ಗೊತ್ತಾಯಿತು. ಇಷ್ಟು ದುಂಡಗೆ ಬರೆಯಲು ಯಾವಾಗ ಕಲಿತೆ? ಬೆರಳಿಗೆ ಮಸಿ ಇನ್ನೂ ಮೆತ್ತಿಕೊಳ್ಳುತ್ತೀಯಾ?

ಬರುವುದು ಸ್ವಲ್ಪ ತಡವಾಯಿತು, ಅಮ್ಮ ಸಿಟ್ಟಾಗಿರಬೇಕು. ಎಷ್ಟು ದಿನವಾಯಿತೋ ತಿಳಿಯುತ್ತಿಲ್ಲ. ಕೆಳಗೆ ಹೊತ್ತು ಗೊತ್ತಾಗುವುದಿಲ್ಲ. ದಿನಾ ಮೇಲೆ ಬಂದು ಬಿಲ್ಲೆ ಹಾಕಿದರೂ ಯಾರೂ ಕೂರು ಅನ್ನುತ್ತಿರಲಿಲ್ಲ, ಕಾಲು ತಾನಾಗಿ ವಾಪಸ್ ಹೋಗುತ್ತಿತ್ತು. ಈಗ ಸರಿಹೋಗಿದೆ. ಎಲ್ಲರೂ ಸಾರ್ ಎನ್ನುತ್ತಾರೆ, ಸಿಮೆಂಟು ಕೇಳುತ್ತಾರೆ. ಗೂಟದಲ್ಲಿದ್ದ ಅಂಗಿ ನನಗೆ ಅಳತೆ ತೆಗೆದ ಹಾಗೆ ಕೂತಿದೆ. ಹಗ್ಗ ಹಿಡಿಯುವವನನ್ನು ನೋಡಿ ಗಾಬರಿಯಾಯಿತು, ಒಂದೇ ಸಲಕ್ಕೆ ಹೇಗೆ ಮುದುಕನಾಗಿದ್ದಾನೆ! ನನ್ನ ಕೈ ಹಿಡಿದು ಬಹಳ ಹೊತ್ತು ಅತ್ತ. ಆಮೇಲೆ ಯಾಕೋ ಕೈ ಬಿಟ್ಟು ದೂರ ಹೋಗಿ ಕೂತ.

ಕೊನೆಯ ಕಂಬದ ಹಗ್ಗವನ್ನು ಹೆಚ್ಚು ಹೊತ್ತು ಬಿಡುವಂತಿರಲಿಲ್ಲ ಮಗಳೇ. ಬಿಟ್ಟರೆ ಕಂಬ ವಾಲುತ್ತಿತ್ತು. ಅದಕ್ಕೇ ಇಷ್ಟು ಹೊತ್ತಾಯಿತು. ಮೊನ್ನೆ ನನ್ನ ಜಾಗಕ್ಕೆ ಒಬ್ಬ ಹುಡುಗ ಇಳಿದು ಬಂದ. ಕೆಸರಿನಲ್ಲಿ ಮುಖ ಕಾಣಲಿಲ್ಲ, ಕೈಗೆ ಕೈ ಸಿಕ್ಕಿತು. ಅವನ ಕೊರಳಿನ ಬಿಲ್ಲೆ ನನ್ನದು, ತೆಗೆದುಕೊಂಡೆ. ಹಗ್ಗವನ್ನು ಅವನ ಕೈಗೆ ಕೊಟ್ಟು, ಒಂದು ಗಳಿಗೆ ಹಿಡಿದುಕೊ, ಈಗ ಬಂದೆ ಎಂದು ಸನ್ನೆ ಮಾಡಿದೆ. ಮರುಮಾತಿಲ್ಲದೆ ಹಿಡಿದುಕೊಂಡ. ಗಟ್ಟಿ ಹುಡುಗ, ಯಾರ ಮನೆಯ ಮಗನೋ ಪಾಪ. ಎಡಗೈ ಕಿರುಬೆರಳು ನನ್ನದರ ಹಾಗೇ ಸೊಟ್ಟ.

ಅದನ್ನು ಮುಟ್ಟಿದಾಗ ನಮ್ಮ ಕೂಸಿನ ನೆನಪಾಗಿ ಕೆಳಗೆ ನಿಲ್ಲಲಾಗಲಿಲ್ಲ. ನಾಳಿನ ದೋಣಿಗೆ ಹೊರಡುತ್ತೇನೆ, ಅಮ್ಮನಿಗೆ ಹೇಳು. ಚಿಕ್ಕವನು ಬೋರಲು ಬಿದ್ದನಾ? ನಾನು ಬಂದ ಮೇಲೆಯೇ ಅವನಿಗೆ ಹೆಸರಿಡೋಣ. ನಾನು ಬರುವ ತನಕ ಅವನನ್ನು ನೀರಿನ ಹತ್ತಿರ ಬಿಡಬೇಡ.

ಅಪ್ಪ